ಊಟಿ ರೈಲು: ಸ್ಟೀಮ್ ಇಂಜಿನ್ ಬೇಕಾದರೆ ಕೆಳಗಿನಿಂದ ಹತ್ತಿ

ಮೊದಲ ಸಲ ನಾನು ಬೇಸ್ತು ಬಿದ್ದಿದ್ದೆ. ಮೈಸೂರಿನಿಂದ ಬಸ್ಸಲ್ಲಿ ಊಟಿಗೆ ಹೋಗಿ, ಅಲ್ಲಿಂದ ಕೂನೂರಿಗೆ ಟಿಕೆಟ್ ತೆಗೆಸಿದೆ. ಹೊಗೆ ತೋರಿಸ್ತೀನಿ ಅಂತ ಮಗನನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮಿನ ತುದಿಗೆ ಓಡಿದರೆ, ನಿಂತಿದ್ದದ್ದು ಡೀಸೆಲ್ ಇಂಜಿನ್! ಊಟಿ–ಕೂನೂರು ನಡುವೆ ಸಾಮಾನ್ಯವಾಗಿ ಅದೇ. ಸ್ಟೀಮ್ ಬೇಕೆಂದರೆ ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ಕೂನೂರಿಗೆ ಹೋಗಬೇಕು.

ಹಾಗಾಗಿ ಈ ಸಲ ಹಿಂದಿನ ದಿನವೇ ಕೊಯಮತ್ತೂರಿಗೆ ಹೋಗಿ, ಮೆಟ್ಟುಪಾಳಯಂನಲ್ಲಿ ಉಳಿದುಕೊಂಡೆವು. ಗಾಡಿ ಬೆಳಿಗ್ಗೆ 7.10ಕ್ಕೆ. ಹೊರಡುವ ಮೊದಲು ಸಮಯ ಇನ್ನೊಮ್ಮೆ ನೋಡಿಕೊಳ್ಳಿ. ಸೀಟು ಕಮ್ಮಿ, ರಜೆಯಲ್ಲಂತೂ ಬೇಗ ಖಾಲಿ. ಬುಕಿಂಗ್ ತೆರೆದ ದಿನವೇ ಮಾಡಿಬಿಡಿ.

ಅರ್ಧ ಗಂಟೆ ಮುಂಚೆ ಹೋದರೆ ಇಂಜಿನ್ನನ್ನು ಹತ್ತಿರದಿಂದ ನೋಡಬಹುದು. ಇದು 'ಎಕ್ಸ್ ಕ್ಲಾಸ್', ಮೂಲ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್. ಈಚೆಗೆ ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪಿನಲ್ಲೂ ಕಟ್ಟಿದ್ದಾರೆ. ಪಕ್ಕದಲ್ಲಿ ಒಂದರ ಮೇಲೊಂದು ಎರಡು ಸಿಲಿಂಡರ್ ಕಾಣುತ್ತವೆ. ಕೆಳಗಿನದು ಹಳಿಯ ಮೇಲಿನ ಚಕ್ರಗಳಿಗೆ. ಮೇಲಿನದು ಹೊಟ್ಟೆಯಡಿಯ ಹಲ್ಲುಚಕ್ರಕ್ಕೆ. ಕೆಳಗೆ ಕೆಲಸ ಮಾಡಿದ ಹಬೆಯೇ ಮೇಲೆ ಹೋಗಿ ಮತ್ತೆ ದುಡಿಯುತ್ತದೆ. ಒಂದೇ ಸೊಪ್ಪಿನಲ್ಲಿ ಬಸ್ಸಾರೂ ಪಲ್ಯವೂ ಆದ ಹಾಗೆ!

ಕಲ್ಲಾರ್ ನಿಲ್ದಾಣ ದಾಟುತ್ತಿದ್ದಂತೆ ಹಳಿಗಳ ನಡುವೆ ಹಲ್ಲುಪಟ್ಟಿ ಶುರು. ಇಂಜಿನ್ನಿನ ಹಲ್ಲುಚಕ್ರ ಇದನ್ನೇ ಕಚ್ಚಿಕೊಂಡು ಏರುತ್ತದೆ. 12 ಅಡಿ ಹೋದರೆ 1 ಅಡಿ ಏರು. ಅಲ್ಲಿಂದ ಗಾಡಿಯ ಸದ್ದೇ ಬೇರೆ. ಕಾಲಡಿ ಸಣ್ಣಗೆ ಗರಗರ, ಬೆನ್ನ ಹಿಂದೆ ಏದುಸಿರು. ಹತ್ತುವಾಗ ಇಂಜಿನ್ ಹಿಂದಿನಿಂದ ತಳ್ಳುತ್ತದೆ. ಅದಕ್ಕೇ ಕೊನೆಯ ಬೋಗಿಗೆ ಹೊಗೆ, ಸದ್ದು ಜಾಸ್ತಿ. ನನಗೆ ಬೇಕಿದ್ದದ್ದೂ ಅದೇ. ಬಿಳಿ ಶರ್ಟ್ ಹಾಕಿಕೊಂಡು ಹೋದದ್ದು ಮಾತ್ರ ತಪ್ಪು. ದಾರಿ ನೋಡುವ ಆಸೆಯಿದ್ದರೆ ಮುಂದಿನ ಬೋಗಿ ನೋಡಿ.

ಹಿಲ್‌ಗ್ರೋವ್‌ನಲ್ಲಿ ಇಂಜಿನ್ ನೀರು ಕುಡಿಯುತ್ತದೆ, ನಾವು ಚಹಾ. ಕೋತಿಗಳ ಕಾಟ ವಿಪರೀತ. ನಮ್ಮ ಚಕ್ಕುಲಿ ಪೊಟ್ಟಣ ಹೋದದ್ದು ಅಲ್ಲೇ.

ಕೂನೂರಿನಲ್ಲಿ ಡೀಸೆಲ್ ಹಾಕುತ್ತಾರೆ. ಇಳಿದು ನೋಡಿ, ಲೋಕೋ ಶೆಡ್ ಅಲ್ಲೇ ಇದೆ. ಊಟಿ ತಲುಪುವಾಗ ಮಧ್ಯಾಹ್ನ. ಒಟ್ಟು 46 ಕಿ.ಮೀ.ಗೆ ಸುಮಾರು ಐದು ಗಂಟೆ!

ಅಕ್ಟೋಬರ್–ನವೆಂಬರ್ ಬೇಡ. ಮಳೆಗೆ ಗುಡ್ಡ ಕುಸಿದರೆ ಗಾಡಿಯೇ ರದ್ದು. ವಾಪಸ್ ಮೈಸೂರಿಗೆ ರಸ್ತೆಯಲ್ಲಿ ಬರುವವರು ಊಟಿಯಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕಿಬಿಡುತ್ತಾರೆ.