ಚಿತ್ರ ಸರಿ ಬಂತಲ್ಲ, ಮತ್ತೇನು ತಪ್ಪು?

ಅಕ್ಕನ ಮಗಳು ಮೊನ್ನೆ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮಾ, ಒಂದು ಹೆಸರು ಹೇಳ್ತೀನಿ, ಚಿತ್ರ ಬರ್ಕೋ. 2-ಈಥೈಲ್‌ಬ್ಯುಟೇನ್."

ರಸಾಯನ ಶಾಸ್ತ್ರದಲ್ಲಿ ಅಣುವಿಗೆ ಇಡುವ ಹೆಸರು ಅದು. ಕೈಗೆ ಸಿಕ್ಕ ಲಕೋಟೆಯ ಹಿಂದೆ ಬರೆದೆ. ಬ್ಯುಟೇನ್ ಅಂದರೆ ನಾಲ್ಕು ಕಾರ್ಬನ್, ಸಾಲಾಗಿ ನಾಲ್ಕು ಚುಕ್ಕಿ. ಎಡದಿಂದ ಎರಡನೆಯ ಚುಕ್ಕಿಯ ಕೆಳಗೆ ಇನ್ನೆರಡು, ಅದು ಈಥೈಲ್. ಆಮೇಲೆ ಕೆಳಗಿನ ತುದಿಗೆ ಪೆನ್ಸಿಲ್ ಇಟ್ಟು, ಎತ್ತದೆ, ಬಲಗಡೆಯ ಕೊನೆವರೆಗೂ ಎಳೆದೆ. ಎಣಿಸಿದರೆ ಐದು! ಹೆಸರು ಹೊರಡಬೇಕಾದ್ದು ಅತಿ ಉದ್ದದ ಸರಪಳಿಯಿಂದ, ಐದು ಅಂದರೆ ಪೆಂಟೇನ್. ಎಡಗಡೆಯ ಒಂದೇ ಒಂದು ಕಾರ್ಬನ್ ಹೊರಗೆ ಉಳಿಯಿತು, ಅದೂ ಸರಿಯಾಗಿ ಮೂರನೆಯದರ ಪಕ್ಕ. ಒಂದೇ ಕಾರ್ಬನ್ನಿನ ಕವಲು ಅಂದರೆ ಮೀಥೈಲ್.

"ಇದು 3-ಮೀಥೈಲ್‌ಪೆಂಟೇನ್ ಕಣೇ" ಅಂದೆ.

"ಆದ್ರೆ ನಾನು ಹೇಳಿದ ಹೆಸರಿಂದಲೇ ನೀನು ಚಿತ್ರ ಸರಿಯಾಗಿ ಬರೆದೆಯಲ್ಲ. ಮತ್ತೇನು ತಪ್ಪು?"

ಒಳ್ಳೇ ಪ್ರಶ್ನೆ. ನನಗೆ ಓದುವಾಗ ಹೊಳೆದೇ ಇರಲಿಲ್ಲ. ಹೆಸರಿನಿಂದ ಚಿತ್ರ ಬರುವುದು ಅರ್ಧ ಕೆಲಸ ಅಷ್ಟೇ. ಅದೇ ಅಣುವನ್ನು ಇನ್ಯಾರೋ ತಲೆಕೆಳಗು ಮಾಡಿ, ಬಗ್ಗಿಸಿ ಬರೆದುಕೊಂಡಿದ್ದರೂ ಕೊನೆಗೆ ಇದೇ ಹೆಸರಿಗೆ ಬರಬೇಕು. ಇಲ್ಲದಿದ್ದರೆ ಅವಳು ಸೂಚಿಯಲ್ಲಿ ಬ್ಯುಟೇನ್ ಹತ್ತಿರ ಹುಡುಕುತ್ತಾಳೆ, ನಾನು ಪೆಂಟೇನ್ ಹತ್ತಿರ.

ಪೆಂಟೇನ್ ಮಟ್ಟದಲ್ಲಿ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಐದು ಕಾರ್ಬನ್ ಜೋಡಿಸಲು ಇರುವುದೇ ಮೂರು ರೂಪ. ನಾರ್ಮಲ್, ಐಸೊ, ನಿಯೊ ಅಂದರೆ ಮುಗಿಯಿತು. ಆರು ಕಾರ್ಬನ್ನಿನ ಹೆಕ್ಸೇನ್‌ಗೆ ಬಂದರೆ ಐದು, ಹತ್ತು ಕಾರ್ಬನ್ನಿನ ಡೆಕೇನ್‌ಗೆ 75. ಇಪ್ಪತ್ತು ಕಾರ್ಬನ್ ಆದರೆ 3,66,319. ಅಷ್ಟಕ್ಕೆಲ್ಲ ಮುದ್ದು ಹೆಸರು ಎಲ್ಲಿಂದ ತರುವುದು? 1892ರಲ್ಲಿ ರಸಾಯನ ವಿಜ್ಞಾನಿಗಳು ಜಿನೀವಾದಲ್ಲಿ ಸೇರಿ ಹೆಸರಿಡುವ ಕ್ರಮಕ್ಕೆ ಕೈ ಹಾಕಿದ್ದು ಇದಕ್ಕೇ. 1919ರಲ್ಲಿ ಶುರುವಾದ ಐಯುಪ್ಯಾಕ್ ಎಂಬ ಅಂತರರಾಷ್ಟ್ರೀಯ ರಸಾಯನ ಸಂಸ್ಥೆ ಆ ಕೆಲಸವನ್ನು ಈಗಲೂ ನೋಡಿಕೊಳ್ಳುತ್ತಿದೆ.

ಕವಲು ಸರಪಳಿಯ ಎಷ್ಟನೇ ಕಾರ್ಬನ್ ಮೇಲಿದೆ ಎಂದು ನಂಬರ್ ಹಾಕುವ ವಿಷಯದಲ್ಲಿ ನನಗೊಂದು ಹಳೇ ಸಿಟ್ಟಿದೆ. ಎರಡೂ ಕಡೆಯಿಂದ ಎಣಿಸಿ, ಕೂಡಿಸಿ, ಮೊತ್ತ ಕಡಿಮೆ ಬಂದದ್ದೇ ಸರಿ ಎಂದು ನಮಗೆ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಒಂದು ಡೆಕೇನ್ ಬಂತು, ಮೂರು ಮೀಥೈಲ್ ಇದ್ದದ್ದು. ಒಂದು ಕಡೆಯಿಂದ 2,7,8. ಇನ್ನೊಂದು ಕಡೆಯಿಂದ 3,4,9. ಮೊತ್ತ 17 ಮತ್ತು 16. ಧೈರ್ಯವಾಗಿ 3,4,9 ಬರೆದೆ, ಸೊನ್ನೆ ಬಂತು. ನಿಯಮದಲ್ಲಿ ಕೂಡಿಸುವ ಮಾತೇ ಇಲ್ಲ. ಎರಡು ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಮೊದಲು ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಚಿಕ್ಕದು ಯಾವುದು ಅಂತ ನೋಡಬೇಕು. ಇಲ್ಲಿ ಮೊದಲನೆಯದರಲ್ಲೇ ಗೊತ್ತಾಗುತ್ತದೆ, 2 ಚಿಕ್ಕದು. ಹಾಗಾಗಿ 2,7,8-ಟ್ರೈಮೀಥೈಲ್‌ಡೆಕೇನ್.

ಮೋಸ ಏನು ಗೊತ್ತಾ? ಕವಲು ಎರಡೇ ಇದ್ದಾಗ ಮೊತ್ತದ ಉಪಾಯ ಯಾವತ್ತೂ ಕೈಕೊಡುವುದಿಲ್ಲ. ಲೆಕ್ಕ ಮಾಡಿ ನೋಡಿ. ಅದಕ್ಕೇ ಅದು ತಲೆಯಲ್ಲಿ ಅಂಟಿಕೊಂಡು, ಮೂರನೆಯ ಕವಲು ಬಂದ ದಿನ ಬೀಳಿಸುತ್ತದೆ.

ಕವಲುಗಳ ಹೆಸರನ್ನು ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಬರೆಯಬೇಕು, ಅಲ್ಲಿ ನಮ್ಮಂಥ ಕನ್ನಡದವರಿಗೆ ಬೇರೆಯೇ ಒಂದು ಹಳ್ಳ ಇದೆ. 'ಪ' ಆದ ಮೇಲೆ 'ಮ' ಅಲ್ವಾ, ಹಾಗಾಗಿ ಅವಳು ಮೂರು ಕಾರ್ಬನ್ನಿನ ಕವಲಾದ ಪ್ರೊಪೈಲ್ ಮೊದಲು ಬರೆದು ಮೀಥೈಲ್ ಆಮೇಲೆ ಬರೆದಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ ಎಮ್ ಮೊದಲು, ಪಿ ಆಮೇಲೆ. ಆದ್ದರಿಂದ 3-ಮೀಥೈಲ್-5-ಪ್ರೊಪೈಲ್‌ನೋನೇನ್. ಎರಡು, ಮೂರು ಎಂದು ಹೇಳುವ ಡೈ, ಟ್ರೈಗಳನ್ನು ಈ ಕ್ರಮದ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. 4-ಈಥೈಲ್-2,2-ಡೈಮೀಥೈಲ್‌ಹೆಕ್ಸೇನ್‌ನಲ್ಲಿ ಈಥೈಲ್ ಮುಂದಿರುವುದು ಅದಕ್ಕೇ. ನಂಬರ್ ನಂಬರ್ ಮಧ್ಯೆ ಕಾಮಾ, ನಂಬರಿಗೂ ಅಕ್ಷರಕ್ಕೂ ಮಧ್ಯೆ ಅಡ್ಡಗೆರೆ. ಇದು ಸುಮ್ನೆ ಅಭ್ಯಾಸ.

ಹಳೇ ಹೆಸರುಗಳು ಪೂರ್ತಿ ಹೋಗಿಲ್ಲ. ಪೆಟ್ರೋಲಿನ ಆಕ್ಟೇನ್ ಅಳತೆಯಲ್ಲಿ 100 ಎಂದು ಹಿಡಿಯುವ ಐಸೊಆಕ್ಟೇನ್ ಇದೆಯಲ್ಲ, ಅದರ ಕ್ರಮದ ಹೆಸರು 2,2,4-ಟ್ರೈಮೀಥೈಲ್‌ಪೆಂಟೇನ್. ಆಕ್ಟೇನ್ ಅನ್ನುವ ಹಾಗೆ ಕಾರ್ಬನ್ ಎಂಟೇ, ಆದರೆ ಉದ್ದದ ಸರಪಳಿ ಐದರದ್ದು. ಇದನ್ನು ಹೇಳಿದಾಗ ಅವಳು "ಹಂಗಾದ್ರೆ ಅದನ್ನ ಆಕ್ಟೇನ್ ಅಂತ ಯಾಕೆ ಕರೀತಾರೆ?" ಅಂತ ಜಗಳಕ್ಕೇ ಬಂದಳು.

ನಿನ್ನೆ ಮತ್ತೆ ಫೋನ್. "3-ಐಸೊಪ್ರೊಪೈಲ್‌ಹೆಕ್ಸೇನ್, ಬರ್ಕೋ." ಐಸೊಪ್ರೊಪೈಲ್ ಅಂದರೆ ನಡುವಿನ ಕಾರ್ಬನ್ನಿನಿಂದ ಅಂಟಿಕೊಂಡ ಮೂರು ಕಾರ್ಬನ್. ನಾನು ಇನ್ನೂ ಚುಕ್ಕಿ ಇಡುತ್ತಿದ್ದೆ. "ಇರು ಇರು" ಅಂದಳು. ಆ ಕಡೆಯಿಂದ ಪೆನ್ಸಿಲ್ ಗೀಚುವ ಸದ್ದು. "ಐಸೊಪ್ರೊಪೈಲ್ ಒಳಗಿಂದ ಹೋದ್ರೂ ಆರೇ ಬರುತ್ತೆ. ಎರಡೂ ಆರು. ಈಗ ಯಾವುದು?"

"ಯಾವುದರಲ್ಲಿ ಕವಲು ಜಾಸ್ತಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಆ ದಾರಿಯಲ್ಲಿ ಹೋದ್ರೆ ಎರಡು. 3-ಈಥೈಲ್... 2-ಮೀಥೈಲ್‌ಹೆಕ್ಸೇನ್. ಇ ಮೊದಲು, ಎಮ್ ಆಮೇಲೆ. ನೀನು ಬರೀಬೇಡ, ನಾನೇ ಬರ್ಕೊಂಡೆ."