ಕಸ ಹೊತ್ತ ಮರಿ

ಕಳೆದ ವಾರ ಅತ್ತೆ ಅಂಗಳದ ಲಿಂಬೆ ಗಿಡದ ಹತ್ತಿರ ನಿಂತು ಕೂಗಿದರು. "ಕೂಸೇ, ಇಲ್ ಬಾ. ಕಸ ನಡೀತಾ ಇದ್ದು ನೋಡು!"

ಚಿಗುರಿನ ತುಂಬ ಹೇನು. ಅದರ ನಡುವೆ ಎಳ್ಳಿಗಿಂತ ತುಸು ದೊಡ್ಡದೊಂದು ಬೂದು ಉಂಡೆ ತಡೆತಡೆದು ಸಾಗುತ್ತಿತ್ತು. ಮಸೂರ ತಂದು ಹಿಡಿದೆ. ಉಂಡೆಯ ಅಡಿಯಿಂದ ಕುಡುಗೋಲಿನಂಥ ಎರಡು ದವಡೆ ಹೊರಬಂದು ಹೇನೊಂದನ್ನು ಚುಚ್ಚಿ ಎತ್ತಿ ಹಿಡಿದವು. ರಸ ಹೀರಿ ಮುಗಿದ ಮೇಲೆ ಮರಿ ಸಿಪ್ಪೆಯನ್ನು ಬಿಸಾಡಲಿಲ್ಲ. ತಲೆಯನ್ನು ಹಿಂದಕ್ಕೆ ಬಾಗಿಸಿ ಬೆನ್ನಿನ ರೋಮಗಳ ನಡುವೆ ಒತ್ತಿ ಸಿಕ್ಕಿಸಿಕೊಂಡಿತು.

ಇದು ಹಸಿರು ಲೇಸ್‌ವಿಂಗ್‌ನ ಮರಿ. ಮಳೆಗಾಲ ಮುಗಿದ ಮೇಲೆ ರಾತ್ರಿ ದೀಪಕ್ಕೆ ಬರುವ, ಬಲೆ ನೇಯ್ದಂಥ ರೆಕ್ಕೆಯ, ಹೊನ್ನಿನ ಕಣ್ಣಿನ ಆ ಕೀಟವೇ. ಈ ಮರಿಗಳಲ್ಲಿ ಕೆಲವು ಜಾತಿಯವು ಕಸ ಹೊರುತ್ತವೆ. ಶತ್ರುವಿನ ಕಣ್ಣಿಗೆ ಅದೇ ವೇಷ, ಕಚ್ಚಲು ಬಂದರೆ ಅದೇ ಗುರಾಣಿ.

ನನಗೆ ತಕ್ಷಣ ನೆನಪಾದದ್ದು ಸ್ಪೇನಿನ ಅಂಬರಿನೊಳಗಿನ, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಹಳೆಯ ರಾಳದೊಳಗಿನ, ಇಂಥದೇ ಮರಿ. ಉತ್ತರ ಸ್ಪೇನಿನ ಎಲ್ ಸೊಪ್ಲಾವೊದಲ್ಲಿ ಸಿಕ್ಕ ಆ ಅಂಬರಿಗೆ ಸುಮಾರು 11 ಕೋಟಿ ವರ್ಷ. ಮರಿಯ ಉದ್ದ 4 ಮಿಲಿಮೀಟರ್ ಆಸುಪಾಸು. 2012ರಲ್ಲಿ ಅದನ್ನು ವಿವರಿಸಿದವರು ಹಲ್ಲೂಸಿನೋಕ್ರೈಸಾ ಡಯೋಜೆನೆಸಿ ಎಂದು ಹೆಸರಿಟ್ಟರು. ಸಿಕ್ಕಿದ್ದನ್ನೆಲ್ಲ ಮನೆಯಲ್ಲಿ ಕೂಡಿಡುವ ಕಾಯಿಲೆಯೊಂದಕ್ಕೆ ಗ್ರೀಕ್ ತತ್ತ್ವಜ್ಞಾನಿ ಡಯೋಜೆನಿಸ್‌ನ ಹೆಸರಿದೆ, ಅಲ್ಲಿಂದ ಬಂದದ್ದು.

ಇಂದಿನ ಮರಿಗಳ ಬೆನ್ನಿನ ಮೇಲೆ ಪುಟ್ಟ ಗುಬುಟುಗಳು, ಅವುಗಳಲ್ಲಿ ರೋಮ. ಆ ಮರಿಗೆ ಗುಬುಟುಗಳ ಬದಲು ಉದ್ದುದ್ದ ಕೊಳವೆಗಳು, ಕೊಳವೆಯ ಮೈಮೇಲೆ ತುದಿ ಕಹಳೆಯಂತೆ ಅರಳಿದ ರೋಮಗಳು. ಎಲ್ಲ ಸೇರಿ ಬೆನ್ನಿನ ಮೇಲೊಂದು ಬುಟ್ಟಿ. ಬುಟ್ಟಿಯಲ್ಲಿ ಇದ್ದದ್ದು ಜರಿಗಿಡದ ರೋಮ, ಬಹುಶಃ ಗ್ಲೈಕೀನಿಯೇಸಿ ಕುಟುಂಬದ ಗಿಡದ್ದು. ನಮ್ಮ ದೇವಿಮನೆ ಘಟ್ಟದಲ್ಲಿ ದರೆಯ ಮೇಲೆ ಎರಡೆರಡಾಗಿ ಕವಲೊಡೆದು ಹಬ್ಬುವ ಜರಿಗಿಡವೂ ಇದೇ ಕುಟುಂಬದ್ದು. ಕುಮಟೆಗೆ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಅದು ಕಂಡಾಗಲೆಲ್ಲ ಈಗ ಆ ಮರಿ ಕಣ್ಣಿಗೆ ಕಟ್ಟುತ್ತದೆ.

ಕಲ್ಲಿನಲ್ಲಿ ಕೀಟದ ರೆಕ್ಕೆಯ ಅಚ್ಚು ಸಿಕ್ಕೀತು. ಆದರೆ ಅದು ಬದುಕಿದ್ದಾಗ ದಿನವಿಡೀ ಏನು ಮಾಡುತ್ತಿತ್ತು ಎಂದು ಇಷ್ಟು ಚೆನ್ನಾಗಿ ಹೇಳಲು ಅಂಬರೇ ಬೇಕು. ರೆಕ್ಕೆ ಮೂಡುವ ಮೊದಲೇ ಸತ್ತ ಮರಿ ಅದು, ಹೊರೆ ಮಾತ್ರ ಹೊತ್ತ ಹಾಗೇ ಇದೆ.

ನಮ್ಮ ಸೊಪ್ಪಿನ ಬೆಟ್ಟದಲ್ಲೊಂದು ಧೂಪದ ಮರವಿದೆ. ತೊಗಟೆಗೆ ಗಾಯವಾದಲ್ಲಿ ಇಳಿದ ರಾಳದಲ್ಲಿ ಒಂದು ಇರುವೆ ಸಿಕ್ಕಿಬಿದ್ದಿದೆ, ಮೀಸೆಯೊಂದೇ ಹೊರಗೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಸುಮಾರು 5 ಕೋಟಿ ವರ್ಷ ಹಳೆಯ ಅಂಬರು ಧೂಪದ ಮರದ ಕುಟುಂಬದ ಮರಗಳದ್ದೇ ರಾಳ. ಅದರಲ್ಲೂ ಕೀಟಗಳಿವೆ. ಮಣ್ಣಿನಡಿ ಹೂತು, ಹಗುರ ಅಂಶ ಆರಿಹೋಗಿ, ಉಳಿದದ್ದು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಲಕ್ಷಾಂತರ ವರ್ಷ ಬೇಕು. ನಮ್ಮ ಮರದ ರಾಳವನ್ನು ಉಗುರಿನಿಂದ ಒತ್ತಿದೆ, ಇನ್ನೂ ಮೆತ್ತಗಿದೆ.

ನಿನ್ನೆ ಲಿಂಬೆ ಗಿಡದ ಮರಿಯ ಹೊರೆಯನ್ನು ಕುಂಚದ ತುದಿಯಿಂದ ಮೆಲ್ಲಗೆ ಬಿಡಿಸಿ, ಪಕ್ಕದಲ್ಲಿ ಬೂರುಗದ ಹತ್ತಿಯ ಎಳೆ ಇಟ್ಟೆ. ಬೋಳು ಬೆನ್ನಿನಲ್ಲಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. ಆಮೇಲೆ ದವಡೆಯಲ್ಲಿ ಒಂದೆಳೆ ಕಚ್ಚಿ ತಲೆಯನ್ನು ಹಿಂದಕ್ಕೆ ಬಾಗಿಸಿತು. ಅತ್ತೆ ನನ್ನ ಕೈಯಿಂದ ಮಸೂರ ಕಸಿದುಕೊಂಡರು.