ಅಗ್ನಿವೀರರಾಗಲು ಹೊರಟ ತಮ್ಮಂದಿರಿಗೆ

ನಮ್ಮ ಕಾಲೇಜಿನ ಮೈದಾನದಲ್ಲಿ ‘ಸಾವಧಾನ್’, ‘ವಿಶ್ರಾಮ್’ ಕಲಿತವರಿಗೆ ಸೇನೆಯ ಡ್ರಿಲ್ ಅಷ್ಟೇನೂ ಹೊಸದಲ್ಲ. ಆ ಮೈದಾನದಲ್ಲಿ ಯಾರೂ ಹೇಳಿಕೊಡದ ಸಂಗತಿಗಳು ಬೇರೆಯೇ ಇವೆ. ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ಸೇನೆ ಸೇರಲು ಈಗ ಅಲ್ಲಿ ಬೆಳಗಿನ ಜಾವ ಓಡುತ್ತಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆನ್‌ಲೈನ್ ಪರೀಕ್ಷೆ ಪಾಸಾದ ಮೇಲೆ ಮೈದಾನದಲ್ಲಿ ದೇಹದಾರ್ಢ್ಯ ಪರೀಕ್ಷಿಸುವ ನೇಮಕಾತಿ ರ‍್ಯಾಲಿ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್‌ಗೆ 40. 9 ಅಡಿ ಹಳ್ಳ ಜಿಗಿಯುವುದಕ್ಕೆ ಅಂಕವಿಲ್ಲ, ಪಾಸಾದರೆ ಸಾಕು. 400 ಮೀಟರ್ ಟ್ರ್ಯಾಕಿನಲ್ಲಿ ಈ ಓಟ ನಾಲ್ಕು ಸುತ್ತು, ಪ್ರತಿ ಸುತ್ತಿಗೆ 82 ಸೆಕೆಂಡು. ಗುಂಪಿನ ಭರದಲ್ಲಿ ಮೊದಲ ಸುತ್ತನ್ನೇ 70ಕ್ಕೆ ಓಡಿದವರು ಮೂರನೆಯದರಲ್ಲಿ ಸೋತುಹೋಗುತ್ತಾರೆ.

ತರಬೇತಿ 31 ವಾರ. ಬೆಳಗಾವಿಯ ಮರಾಠಾ ರೆಜಿಮೆಂಟಿನ ಕೇಂದ್ರವಿರಲಿ, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇರಲಿ, ಮೊದಲ 10 ವಾರ ಪಿಟಿ, ಡ್ರಿಲ್, ಆಯುಧದ ಪಾಠ; ಉಳಿದ 21 ವಾರ ಆಯಾ ವಿಭಾಗದ ಕೆಲಸ. ಇಲ್ಲಿ ಹುಡುಗರನ್ನು ಹೆಚ್ಚಾಗಿ ಹಿಂದೆ ತಳ್ಳುವುದು ಕಣಕಾಲಿನ ನೋವು. ಉಸಿರೂ ಸ್ನಾಯುವೂ ಕೆಲವೇ ವಾರಗಳಲ್ಲಿ ಪಳಗುತ್ತವೆ, ಎಲುಬಿಗೆ ತಿಂಗಳುಗಳೇ ಬೇಕು. ಮನೆಯಲ್ಲಿ ಓಡದೆ ಬಂದು ಒಮ್ಮೆಲೇ ಬೂಟು ಹಾಕಿ ಓಡಿದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದರೆ ಅದೇ ದಿನ ಎಂಐ ರೂಮಿಗೆ, ಅಂದರೆ ಘಟಕದ ವೈದ್ಯಕೀಯ ತಪಾಸಣೆಯ ಕೋಣೆಗೆ, ಹೋಗಿ. ಬ್ಯಾಚು ತಪ್ಪೀತೆಂದು ನೋವು ಮುಚ್ಚಿಟ್ಟವರಿಗೇ ಕೊನೆಗೆ ಬ್ಯಾಚು ತಪ್ಪುವುದು.

ಫೈರಿಂಗ್‌ನಲ್ಲಿ ಹೊಸಬರು ಕಣ್ಣಿನ ಮೇಲೆ ಅನುಮಾನಪಡುತ್ತಾರೆ, ತಪ್ಪು ಇರುವುದು ಬೆರಳಿನಲ್ಲಿ. ಅರ್ಧ ಉಸಿರು ಬಿಟ್ಟು, ತಡೆದು, ಟ್ರಿಗರನ್ನು ನೇರ ಹಿಂದಕ್ಕೆ ನಿಧಾನವಾಗಿ ಒತ್ತಬೇಕು. ಸದ್ದಿಗೆ ಹೆದರಿ ಜಗ್ಗಿದರೆ ಬಲಗೈಯವರ ಗುಂಡು ಸಾಮಾನ್ಯವಾಗಿ ಕೆಳಗೆ, ಬಲಕ್ಕೆ ಹೋಗುತ್ತದೆ. ಗುಂಡುಗಳು ಒಂದೆಡೆ ಗುಂಪಾಗಿ ಬೀಳುವವರೆಗೆ ಸೈಟ್ (ರೈಫಲಿನ ಮೇಲೆ ಗುರಿ ನೋಡುವ ಸಾಧನ) ತಿರುಗಿಸುವುದು ವ್ಯರ್ಥ. ಚದುರಿದ್ದರೆ ದೋಷ ಹಿಡಿತದ್ದು. ಗುಂಪು ಸರಿಯಿದ್ದು ಜಾಗ ತಪ್ಪಿದ್ದರೆ ಮಾತ್ರ ರೈಫಲಿನದ್ದು.

ಇನ್ನು ಸಂಬಳ. ಊರಲ್ಲಿ ಎಲ್ಲರೂ ಹೇಳುವುದು ಮೊದಲ ವರ್ಷದ 30,000 ರೂಪಾಯಿ. ಕೈಗೆ ಬರುವುದು 21,000. ಉಳಿದ 9,000 ಸೇವಾನಿಧಿಗೆ, ಅಂದರೆ ನಾಲ್ಕು ವರ್ಷದ ಕೊನೆಗೆ ಒಟ್ಟಾಗಿ ಸಿಗುವ ಉಳಿತಾಯಕ್ಕೆ. ನಾಲ್ಕನೇ ವರ್ಷ ಒಟ್ಟು 40,000, ಕೈಗೆ 28,000. ತುಟ್ಟಿಭತ್ಯೆಯಾಗಲಿ ಖಾಯಂ ಸೈನಿಕರಿಗೆ ಹೆಚ್ಚುವರಿಯಾಗಿ ಸಿಗುವ ಮಿಲಿಟರಿ ಸರ್ವಿಸ್ ಪೇ ಆಗಲಿ ಇದರ ಮೇಲೆ ಇಲ್ಲ. ಊಟ, ಸಮವಸ್ತ್ರಕ್ಕೆ ಖರ್ಚಿಲ್ಲ. ಕಠಿಣ ಜಾಗಕ್ಕೆ ಪೋಸ್ಟಿಂಗ್ ಆದರೆ ಅದರ ಭತ್ಯೆ ಸಿಗುತ್ತದೆ. ಆದ್ದರಿಂದ ಮನೆಯ ಸಾಲದ ಲೆಕ್ಕವನ್ನು 21,000ದ ಮೇಲೆ ಹಾಕಿ, 30,000ದ ಮೇಲೆ ಬೇಡ.

ಸೇವಾನಿಧಿಯಲ್ಲಿ ನಾಲ್ಕು ವರ್ಷಕ್ಕೆ ನಿಮ್ಮ ಪಾಲು 5.02 ಲಕ್ಷ, ಸರ್ಕಾರದ್ದೂ ಅಷ್ಟೇ, ಜೊತೆಗೆ ಬಡ್ಡಿ. ಅದಕ್ಕೆ ಆದಾಯ ತೆರಿಗೆ ಇಲ್ಲ. 48 ಲಕ್ಷದ ಜೀವವಿಮೆಗೆ ನೀವು ಕಂತು ಕಟ್ಟಬೇಕಿಲ್ಲ. ಖಾಯಂ ಆಗುವವರು ಹೆಚ್ಚೆಂದರೆ ಶೇ. 25, ಉಳಿದವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಮನೆಯವರಿಗೆ ಇದನ್ನು ಹೋಗುವ ಮುಂಚೆಯೇ ಬಿಡಿಸಿ ಹೇಳಿ. ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ಕೈಸೇರುವುದು ನೀವು ಕಟ್ಟಿದ ಹಣ ಮತ್ತು ಅದರ ಬಡ್ಡಿ ಮಾತ್ರ. ಸರ್ಕಾರದ ಪಾಲು ಸಿಗುವುದಿಲ್ಲ.